ರಾಜಮತಿಯವರು ಅಳೆದ ಎರಡು ಕೋಟೆ

ಖಾನಾಪುರದ ಭೂಮಾಪನ ಕಚೇರಿಯಲ್ಲಿ ಮೂವತ್ತೊಂದು ವರ್ಷ ಹೊಲಗಳ ನಕಾಶೆ ಬರೆದ ರಾಜಮತಿಯವರು ನಿವೃತ್ತರಾಗಿ ಬೆಳಗಾವಿಯ ಖಾಸಬಾಗಕ್ಕೆ ಬಂದ ವರ್ಷವೇ ಮೊಣಕಾಲಿನ ಆಪರೇಷನ್ ಆಯಿತು. ಬೇಸರ ಕಳೆಯಲೆಂದು ಸೊಸೆ ಪೂನಮ್ ತನ್ನ ಹಳೆಯ ವಿಡಿಯೋ ಗೇಮನ್ನು ಟಿವಿಗೆ ಜೋಡಿಸಿಕೊಟ್ಟಳು. ಕತ್ತಿ ಹಿಡಿದು ಪಾಳುಕೋಟೆಗೆ ನುಗ್ಗುವ ಆಟ, ‘ಕರಿಕೋಟೆ’. ಮೂರು ತಿಂಗಳಲ್ಲಿ ಆ ಕೋಟೆಯ ಮೆಟ್ಟಿಲು, ಬಾಗಿಲು, ಕಳ್ಳದಾರಿಗಳೆಲ್ಲ ಅವರ ಹಾಳೆಗಿಳಿದವು.

ಈಚೆಗೆ ಅದರ ಎರಡನೇ ಭಾಗ ಬಂತು. ನಾಲ್ಕು ದಿನ ಆಡಿ, ಸೋತು, ಖಾನಾಪುರದ ಗಂಗಾದೇವಿಗೆ ಫೋನ್ ಹಚ್ಚಿದರು. ಒಂದೇ ಕಚೇರಿಯ ಗೆಳತಿಯರು. ಗಂಗಾದೇವಿಗೆ ಆಟದ ಹುಚ್ಚು ಹಿಡಿಸಿದ್ದು ಇವರೇ.

“ಆಟಾ ಕೆಡಿಸ್ಯಾರ ನೋಡ ಗಂಗಾ. ಮೊದಲಿನ ಕೋಟಿಯೊಳಗ ಮೆಟ್ಟಲ ಮ್ಯಾಲೆ ನಿಂತ್ರ ವೈರಿಗೋಳು ಒಬ್ಬೊಬ್ಬರ ಬರ್ತಿದ್ರು. ಇಲ್ಲಿ ಬರೇ ಬಯಲು. ನಾಕೂ ಕಡಿಂದ ಮುತ್ತತಾರ.”

“ತಡಿ, ನಾನ ಬರ್ತೀನಿ.”

ಮರುದಿನ ಬೆಳಿಗ್ಗೆಯ ಬಸ್ಸಿಗೇ ಗಂಗಾದೇವಿ ಬಂದಿಳಿದರು. ಚಹಾ ಕುಡಿದವರೇ ಆಡಲು ಕುಳಿತರು. ಮೊದಲನೆಯ ಆಟದಲ್ಲಿ ಹೊಡೆಯುವುದು, ಓಡುವುದು ಎರಡೇ ಇದ್ದವು. ಇದರಲ್ಲಿ ವೈರಿಯ ಕತ್ತಿ ಎದ್ದ ಗಳಿಗೆಗೆ ಸರಿಯಾಗಿ ಢಾಲು ಎತ್ತಿದರೆ ಅವನೇ ತೂರಾಡುತ್ತಿದ್ದ. ಗಂಗಾದೇವಿ ಮೂವರನ್ನು ಕೆಡವಿದರು, ನಾಲ್ಕನೆಯವ ಅವರನ್ನು ಕೆಡವಿದ. ಆರು ಸಲವೂ ಅದೇ ಪಾಡು.

“ಜಗಳಾ ಭಾಳ ಛಲೋ ಮಾಡ್ಯಾರ ಬಿಡು,” ಎಂದು ಬೆವರು ಒರೆಸಿಕೊಂಡರು. “ಅಲ್ಲ, ನೀ ಈ ಜಾಗಾ ಅಳದೀ ಏನು?”

ರಾಜಮತಿಯವರಿಗೆ ನಾಚಿಕೆಯಾಯಿತು. ಬಯಲು ತಾನೇ, ಅಳೆಯುವುದೇನು ಎಂದು ಬಿಟ್ಟಿದ್ದರು! ಬೇಗ ಹಾಳೆ ತಂದರು. ಗಂಗಾದೇವಿ ಆಟದ ಬಯಲಿನ ಅಂಚಿಗುಂಟ ನಡೆದರು, ಇವರು ಹೆಜ್ಜೆ ಎಣಿಸಿ ಗೆರೆ ಎಳೆದರು. ಪಡುವಣದ ಮುಳ್ಳುಕಂಟಿಗಳ ಹತ್ತಿರ ಹೆಜ್ಜೆ ಹೆಚ್ಚಾಗಿ ಬಂದು ಗೆರೆ ಕೂಡಲಿಲ್ಲ.

“ನಿಂದರು! ಇಲ್ಲೆ ನೆಲಾ ಇಳದೈತಿ,” ಎಂದರು ರಾಜಮತಿಯವರು.

ಕಂಟಿಯ ಹಿಂದೆ ಒಂದು ಒಣ ಹಳ್ಳ ಇತ್ತು, ಒಬ್ಬರು ಮಾತ್ರ ಹಿಡಿಯುವಷ್ಟು ಇಕ್ಕಟ್ಟು. ಗಂಗಾದೇವಿ ಅದರೊಳಗೆ ಇಳಿದು ನಿಂತರು. ವೈರಿಗಳು ಸಾಲಾಗಿ ಒಬ್ಬೊಬ್ಬರೇ ಬಂದರು, ಒಬ್ಬೊಬ್ಬರೇ ಬಿದ್ದರು. ಹಳ್ಳ ನೇರ ಕೋಟೆಯ ಗೋಡೆಯ ಕೆಳಗೆ ಹೊಕ್ಕಿತ್ತು. ಇಬ್ಬರೂ ಸಣ್ಣ ಹುಡುಗಿಯರಂತೆ ಚಪ್ಪಾಳೆ ತಟ್ಟಿದರು.

ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕುಳಿತಾಗ ಪೂನಮ್ ಕೇಳಿದಳು, “ಎರಡರಾಗ ಯಾವುದು ಛಲೋ ಐತ್ರಿ, ಅತ್ತಿ?”

“ಕೋಟಿ ಕಟ್ಟೋದರಾಗ ಮೊದಲಿನ ಆಟಾನ ಛಲೋ. ಒಂದ ಬಾಗಲಾ ತಗದ್ರ ಮೊದಲ ಹೊಂಟ ಅಂಗಳಕ್ಕ ಒಳದಾರಿ ಸಿಗ್ತಿತ್ತು. ಇದರಾಗ ನಡದ ನಡದ ಸಾಕಾಗತೈತಿ. ಖರೇ, ಜಗಳದಾಗ ಇದಕ್ಕ ಸಾಟಿ ಇಲ್ಲ.”

ಗಂಗಾದೇವಿ ಊರಿಗೆ ಹೋಗುವ ಮಾತೇ ಎತ್ತಲಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡು, ನಾಳೆ ಕೋಟೆಯೊಳಗೆ ಮೊದಲು ಯಾವ ಕಡೆ ತಿರುಗಬೇಕೆಂದು ಕೇಳಿದರು.