ಜಸ್ನಾ ಕೈಫೆಂಗಿನಿಂದ ಮರಳಿದ್ದು

ರಿಯಾದಿನ ಮಹಿಳಾ ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಶಾಸ್ತ್ರ ಕಲಿಸುವ ಜಸ್ನಾಳಿಗೆ ಚೀನದ ವಿನಿಮಯ ಭೇಟಿಗೆ ಕರೆ ಬಂದದ್ದು ಇದು ಮೂರನೆಯ ಸಲ. ಮೊದಲ ಸಲ ಕೊರೋನಾ ಬಂದು ವಿಮಾನಗಳೇ ನಿಂತವು. ಎರಡನೆಯ ಸಲ ತಾಯಿ ಹವ್ವಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಬರಲಾಗದೆಂದು ಜಸ್ನಾಳೇ ಬರೆದಳು. ಈ ಸಲವೂ ಹಾಗೇ ಬರೆಯಲು ಕೂತಿದ್ದಾಗ ಹವ್ವಮ್ಮ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತರು.

“ಅಲ್ಲಿ ಎಂತ ಉಂಟು ಅಷ್ಟು ನೋಡ್ಲಿಕ್ಕೆ?”

“ಹೆಂಗಸರದ್ದೇ ಮಸೀದಿ ಉಂಟು ಉಮ್ಮ. ತುಂಬ ಹಳೆಯದು. ನಮಾಝ್ ಮಾಡಿಸುದೂ ಹೆಂಗಸೇ.”

“ಹೌದಾ!” ಹವ್ವಮ್ಮ ಕಣ್ಣರಳಿಸಿದರು. “ಹಾಗಾದ್ರೆ ಹೋಗಿ ಬಾ ಮಾರಾಯ್ತಿ. ನಾನೆಂತ ಎಳೇ ಕೂಸಾ? ರಾಝಿಕ್ ಇದ್ದಾನಲ್ಲ.”

ರಾಝಿಕ್ ಜಸ್ನಾಳ ಅಣ್ಣ. ಮೂವರೂ ರಿಯಾದಿನ ಮಲಾಜ್‌ನ ಒಂದೇ ಮನೆಯಲ್ಲಿದ್ದರು. ಜಸ್ನಾ ಹೊರಟಳು.

ಚೀನದ ಆ ಊರು ಕೈಫೆಂಗಿನಲ್ಲಿ ಹನ್ನೆರಡನೆಯ ದಿನ. ಮಸೀದಿಯ ಅಂಗಳದಲ್ಲಿ ಕೂತು, ನಮಾಝ್ ಮಾಡಿಸುವ ಮುದುಕಿಯ ಮಾತನ್ನು ದುಭಾಷಿಯ ಮೂಲಕ ಬರೆದುಕೊಳ್ಳುತ್ತಿದ್ದಾಗ ರಾಝಿಕ್‌ನ ಫೋನು ಬಂತು.

“ಉಮ್ಮ ಹೋದ್ರು ಜಸ್ನಾ. ಬೆಳಿಗ್ಗೆ ಸುಬುಹಿ ನಮಾಝಿಗೆ ಏಳಿಸ್ಲಿಕ್ಕೆ ಹೋದೆ, ಏಳ್ಲಿಲ್ಲ. ಇವತ್ತೇ ಸಂಜೆ ಅಸರ್ ನಮಾಝಿನ ನಂತರ ದಫನ್. ನಿನಗೆ ಮುಟ್ಲಿಕ್ಕಾಗುದಿಲ್ಲ.”

ಮುದುಕಿ ದುಭಾಷಿಯನ್ನು ಏನೂ ಕೇಳಲಿಲ್ಲ. ಜಸ್ನಾಳ ಕೈಯಿಂದ ಪುಸ್ತಕ ತೆಗೆದು ಬದಿಗಿಟ್ಟು, ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಆಮೇಲೆ ಒಳಗಿನ ಹೆಂಗಸರೆಲ್ಲ ಸಾಲಾಗಿ ಕೂತು ಹವ್ವಮ್ಮನಿಗಾಗಿ ದುಆ ಮಾಡಿದರು. ಅವರ ಅರಬಿ ಉಚ್ಚಾರ ಬೇರೆಯೇ ಇತ್ತು. ಆದರೂ ಪ್ರತಿ ಶಬ್ದವೂ ಜಸ್ನಾಳಿಗೆ ತಿಳಿಯಿತು.

ಉಳಿದ ದಿನಗಳನ್ನು ಬಿಟ್ಟು ಅವಳು ಮರಳಿದಳು. ಮರುದಿನ ಸಂಜೆ ರಾಝಿಕ್ ಕಾರಿನಲ್ಲಿ ಕಬರಸ್ತಾನಕ್ಕೆ ಕರೆದೊಯ್ದ. ಕಾವಲುಗಾರ ಗೇಟಿನಲ್ಲೇ ಕೈ ಅಡ್ಡ ಹಿಡಿದ. ಹೆಂಗಸರನ್ನು ಒಳಗೆ ಬಿಡುವುದಿಲ್ಲ. ಜಸ್ನಾಳಿಗೆ ಅದು ಗೊತ್ತಿಲ್ಲದ್ದೇನಲ್ಲ.

“ಎಲ್ಲಿ ಅಂತ ಇಲ್ಲಿಂದಲೇ ತೋರಿಸು, ಸಾಕು.”

ರಾಝಿಕ್ ಸ್ಟೇರಿಂಗ್ ಹಿಡಿದುಕೊಂಡೇ ಕೂತ. “ಇಲ್ಲಿ ಹೆಸರು ಹಾಕುದಿಲ್ಲ. ಒಂದು ಕಲ್ಲು ಮಾತ್ರ ಇಡುದು. ನಿನ್ನೆ ಬಂದು ಹುಡುಕಿದೆ. ಆಚೀಚೆ ಹೊಸತು ತುಂಬ ಬಂದಿದೆ. ಯಾವುದು ಅಂತ ನನಗೇ ಖಾತ್ರಿ ಇಲ್ಲ ಜಸ್ನಾ.”

ಅಣ್ಣ ಅಳುವುದನ್ನು ಅವಳು ಮೊದಲ ಬಾರಿ ನೋಡಿದಳು. ಕಿಟಕಿ ಇಳಿಸಿ, ಕಬರಸ್ತಾನದ ಗೋಡೆಯ ಕಡೆ ಮುಖ ಮಾಡಿ ಕುರ್‌ಆನಿನ ಯಾಸೀನ್ ಅಧ್ಯಾಯ ಓದಿ ಮುಗಿಸಿದಳು. ಬಿಸಿಗಾಳಿಗೆ ಗಂಟಲು ಒಣಗಿ ಎರಡು ಸಲ ನಿಲ್ಲಿಸಬೇಕಾಯಿತು.

ಮರುವರ್ಷ ಅದೇ ಭೇಟಿಗೆ ವಿಭಾಗದವರು ಮತ್ತೆ ಅವಳ ಹೆಸರೆತ್ತಿದರು. ಜಸ್ನಾ ಕಿರಿಯ ಸಹೋದ್ಯೋಗಿ ಶಹಲಾಳ ಹೆಸರು ಬರೆದುಕೊಟ್ಟಳು. ತನ್ನ ಟಿಪ್ಪಣಿಗಳನ್ನೂ ಅವಳಿಗೇ ಕೊಟ್ಟಳು.

“ಕೊನೆಯ ಪುಟ ಅರ್ಧಕ್ಕೇ ನಿಂತಿದೆಯಲ್ಲ ಮೇಡಂ?” ಎಂದು ಕೇಳಿದಳು ಶಹಲಾ.

“ಹೌದು,” ಎಂದಳು ಜಸ್ನಾ. “ಅಲ್ಲಿಂದ ಮುಂದೆ ನೀನು ಕೇಳು.”