ಸಾಲಿಹಕ್ಕನ ಅಂಗಳ ಮತ್ತು ಇಂಗ್ಲೆಂಡಿನವನ ಕಿಟಕಿ

ಇಸ್ತಾಂಬುಲಿನ ಗಲಾಟಾ ಪೇಟೆಯಲ್ಲಿ, ನಮ್ಮ ಇಳಿಜಾರು ಬೀದಿಯಲ್ಲಿ, ರಜಾಯಿ ಹೊಲಿಯುವ ಸಾಲಿಹಕ್ಕನಿಗೆ ಹೆದರದೆ ಓಡಾಡುತ್ತಿದ್ದವು ಬೆಕ್ಕುಗಳು ಮಾತ್ರ. ಗಂಡ ಹಡಗಿನ ಜೊತೆ ಮುಳುಗಿದ ಮೇಲೆ ಭಾವಂದಿರು ಮನೆ ನುಂಗಲು ಬಂದರು. ಅವರನ್ನು ಖಾಜಿಯ ಮುಂದೆ ನಿಲ್ಲಿಸಿ, ಮೂರೇ ಮಾತಿನಲ್ಲಿ ಮನೆ ಉಳಿಸಿಕೊಂಡ ಗಟ್ಟಿಗಿತ್ತಿ ಅವಳು. ಆ ಮನೆಯ ಅಂಗಳದಲ್ಲಿ ಅವಳೂ ಬೀದಿಯ ಆರು ವಿಧವೆಯರೂ ಉಣ್ಣೆ ತುಳಿದು ತೊಳೆದು, ಬಡಿದು, ರಜಾಯಿಗೆ ತುಂಬುತ್ತಿದ್ದರು. ಏಳು ಮನೆಯ ಒಲೆ ಉರಿಯುತ್ತಿದ್ದುದು ಆ ಅಂಗಳದಿಂದ.

ಪಕ್ಕದ ಮನೆಗೆ ಇಂಗ್ಲೆಂಡಿನ ಬಟ್ಟೆ ವ್ಯಾಪಾರಿ ಹಾರ್‌ಗ್ರೇವ್ ಬಾಡಿಗೆಗೆ ಬಂದ. ನಾನು ಬೆದ್ರೋಸ್, ಆರ್ಮೇನಿಯನ್, ಅವನ ದುಭಾಷಿ. ಅವನಿಗೆ ತುರ್ಕಿ ಹೆಂಗಸರ ಬಗ್ಗೆ ಪುಸ್ತಕ ಬರೆಯುವ ಹುಚ್ಚು. ಅವನ ಊರಿನ ನಾಟಕಗಳಲ್ಲಿ ಮೀಸೆ ಮೂಡದ ಹುಡುಗರು ಪೇಟ ಸುತ್ತಿಕೊಂಡು ತುರ್ಕಿ ರಾಣಿಯರಾಗಿ ಅಳುತ್ತಾರಂತೆ. ಅಳದ ತುರ್ಕಿ ಹೆಂಗಸು ಅಲ್ಲಿ ಯಾರಿಗೂ ಬೇಡವಂತೆ. ಬಂದ ತಿಂಗಳಲ್ಲೇ ಮೇಲಿನ ಕೋಣೆಯ ಗೋಡೆ ಒಡೆಸಿ, ಸಾಲಿಹಕ್ಕನ ಅಂಗಳದ ಕಡೆಗೆ ಕಿಟಕಿ ಇಡಿಸಿದ.

ಲಂಗ ಮೊಣಕಾಲಿಗೆ ಎತ್ತಿಕಟ್ಟಿ ಉಣ್ಣೆ ತುಳಿಯುವವರು ಪರಗಂಡಸಿನ ಕಣ್ಣೆದುರು ತುಳಿಯುತ್ತಾರೆಯೇ? ಮರುದಿನ ನಾಲ್ವರು ಬರಲಿಲ್ಲ, ಅದರ ಮರುದಿನ ಯಾರೂ ಬರಲಿಲ್ಲ. ಚಳಿಗಾಲ ಹತ್ತಿರ ಬಂದಿತ್ತು. ತೊಳೆಯದ ಉಣ್ಣೆ ಮೂಲೆಯಲ್ಲಿ ನಾರುತ್ತಿತ್ತು.

ರೊಟ್ಟಿ ಅಂಗಡಿಯ ಮುಂದೆ ಸಾಲಿಹಕ್ಕ ನನ್ನನ್ನು ಹಿಡಿದಳು.

"ಏನೋ ಬೆದ್ರೋಸ್, ನಿನ್ನ ಧಣಿ ಅಲ್ಲಿ ಕೂತು ಏನ್ ಗೀಚ್ತಾನೋ?"

ನನ್ನ ಬಾಯಿಗೆ ಬೀಗವಿಲ್ಲ. "ನಿಮ್ಮನ್ನೇ ಅಕ್ಕ. ಗೀಚಿದ್ದೆಲ್ಲ ಒಂದು ಪುಸ್ತಕ, ಅದು ಸದಾ ಅವನ ಚೀಲದಲ್ಲೇ ಇರತ್ತೆ. ನಿಮ್ಮ ಉಣ್ಣೆ ತೊಟ್ಟಿ ಅವನ ಪುಸ್ತಕದಲ್ಲಿ ಪನ್ನೀರಿನ ಕೊಳ ಆಗಿದೆ. ನೀವೆಲ್ಲ ಯಾವನೋ ಪಾಷಾನ ಏಳು ಸುಂದರಿಯರಂತೆ, ದಿನವಿಡೀ ಜಳಕ ಮಾಡ್ತಾ ನಿಟ್ಟುಸಿರು ಬಿಡ್ತೀರಂತೆ. ನಿಮ್ಮ ಜೊತೆ ಉಣ್ಣೆ ತುಳಿಯೋ ನೆಫೀಸಾಳ ಮೊಣಕೈ ಮಚ್ಚೆನೂ ಬಿಟ್ಟಿಲ್ಲ."

"ಉಣ್ಣೆ ನಾತಕ್ಕೆ ಉಸಿರು ಕಟ್ಟಿ ಬಿಟ್ರೆ ಅದು ನಿಟ್ಟುಸಿರಾ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಮಚ್ಚೆನೂ ಬರ್ದಿದಾನಾ?" ಎಂದು ಕೇಳಿ ಹೊರಟುಹೋದಳು.

ಮೂರನೇ ದಿನ ಸಾಲಿಹಕ್ಕನ ದೂರಿನ ಮೇಲೆ ಎಲ್ಲರೂ ಖಾಜಿಯ ಮುಂದೆ ನಿಂತಿದ್ದೆವು. ಕಿಟಕಿ ಕೋಣೆಯ ನೆಲದಿಂದ ಆಳೆತ್ತರಕ್ಕಿಂತ ಮೇಲಿದ್ದರೆ ಮುಚ್ಚಬೇಕಾಗಿಲ್ಲ ಎಂಬ ಕಟ್ಟಳೆ ನಮ್ಮಲ್ಲಿದೆ. ಹಾರ್‌ಗ್ರೇವ್ ಅದನ್ನೇ ಹಿಡಿದುಕೊಂಡ. ಕಿಟಕಿ ಬೆಳಕಿಗೆ ಮಾತ್ರ, ಅದರಿಂದ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದ. ಖಾಜಿಯ ಕಡೆಯಿಂದ ಅಳೆದು ಬಂದವನೂ ಕಿಟಕಿ ಎತ್ತರದಲ್ಲೇ ಇದೆ ಎಂದ. ಧಣಿ ಪೆಟ್ಟಿಗೆ ಹತ್ತಿ ನಿಂತು ನೋಡುತ್ತಿದ್ದುದು ನನಗೆ ಗೊತ್ತಿತ್ತು, ಆದರೆ ನನ್ನನ್ನು ಕೇಳಿದವರು ಯಾರು? ಅಂಗಳ ಕೈತಪ್ಪಿತು ಎಂದುಕೊಂಡೆ.

ಸಾಲಿಹಕ್ಕ ಮುಸುಕಿನೊಳಗಿಂದ ನಿಧಾನವಾಗಿ ಹೇಳಿದಳು: "ಖಾಜಿಯವರೇ, ಅವನ ಚೀಲದಲ್ಲಿ ಒಂದು ಪುಸ್ತಕ ಇದೆ. ಓದಿಸಿ ಕೇಳಿ. ಓದೋಕೆ ಬೆದ್ರೋಸ್ ಇದಾನಲ್ಲ."

ಒಂದು ಕಡೆ ಅನ್ನ ಕೊಡುವ ಧಣಿ, ಇನ್ನೊಂದು ಕಡೆ ಖಾಲಿ ಅಂಗಳ. ಓದಿದೆ. ಮಚ್ಚೆಯ ಸಾಲು ಬಂದಾಗ ಖಾಜಿ ಕೈಯೆತ್ತಿ ನಿಲ್ಲಿಸಿದರು.

"ಆಕಾಶಕ್ಕೆ ಮೊಣಕೈ ಯಾವಾಗ ಬಂತು, ಕೇಳು ಅವನ್ನ."

ಸಂಜೆಯೊಳಗೆ ಖಾಜಿಯ ಆಳುಗಳು ಇಟ್ಟಿಗೆ ಕಟ್ಟಿ ಕಿಟಕಿ ಮುಚ್ಚಿದರು. ಧಣಿ ನನ್ನ ಮೇಲೆ ಹಲ್ಲು ಕಡಿದ, ಆದರೆ ಕೆಲಸ ಬಿಡಿಸಲಿಲ್ಲ. ರೊಟ್ಟಿ ಕೊಳ್ಳಲೂ ಅವನಿಗೆ ನನ್ನ ನಾಲಿಗೆ ಬೇಕು. ಮರುದಿನ ಹಗಲಲ್ಲೇ ಮೇಣದ ಬತ್ತಿ ಹಚ್ಚಿಕೊಂಡು ಬರೆಯುತ್ತಿದ್ದ. ಇಣುಕಿದೆ. 'ತುರ್ಕಿ ಹೆಂಗಸರು ಬಾಯಿಲ್ಲದ ಸೆರೆಯಾಳುಗಳು. ಗಂಡಸಿನ ಮುಂದೆ ಒಂದು ಮಾತೂ ಆಡುವ ಹಾಗಿಲ್ಲ.'

ನನಗೆ ಮೈಯೆಲ್ಲ ಉರಿಯಿತು. ಸಾಲಿಹಕ್ಕನ ಬಾಗಿಲ ಹೊರಗೆ ನಿಂತು ಅದನ್ನು ಹೇಳಿದೆ. ಒಳಗೆ ಏಳೂ ಜನ ಉಣ್ಣೆ ತುಳಿಯುವ ಸದ್ದು, ನಡುನಡುವೆ ನಗು.

"ಮತ್ತೆ ಖಾಜಿ ಹತ್ರ ಹೋಗೋಣ್ವಾ ಅಕ್ಕ?"

"ಯಾಕೋ? ಬರ್ಕೊಳ್ಲಿ ಬಿಡು," ಎಂದಳು ಸಾಲಿಹಕ್ಕ. "ಈ ಸಲ ಅವನು ನಮ್ಮನ್ನ ನೋಡಿ ಬರ್ದಿಲ್ವಲ್ಲ."