ಹವ್ಯಾಸದ ಕಾಲಂ

ಮಗುವನ್ನು ಶಾಲೆಗೆ ಸೇರಿಸುವ ಅರ್ಜಿಯಲ್ಲಿ ತಂದೆತಾಯಿಯ ಹವ್ಯಾಸಗಳೇನು ಎಂದು ಕೇಳುವ ಕಾಲಂ ಒಂದನ್ನು ಮೊದಲು ಹಾಕಿದವರು ಯಾರೋ ಗೊತ್ತಿಲ್ಲ. ಗೊತ್ತಾದರೆ ಎದುರಿಗೆ ನಿಂತು ಒಂದು ಸಲ ಅವರ ಮುಖ ನೋಡಬೇಕೆಂಬ ಆಸೆ ನನಗೆ ಇವತ್ತಿಗೂ ಇದೆ. ಬೈಯುವುದಕ್ಕಲ್ಲ, ಬೈದು ಬೈದು ನನಗೇ ಸಾಕಾಗಿದೆ. ಸಂಜೆ ಆರೂವರೆಗೆ ಬಸ್ಸಿನಲ್ಲಿ ಕಂಡವರ ಬೆವರನ್ನೆಲ್ಲ ಸೀರೆಗೆ ಒರೆಸಿಕೊಂಡು ಇಳಿಯುವ ಹೆಂಗಸನ್ನು ಅವರು ಹತ್ತಿರದಿಂದ ಎಂದಾದರೂ ಕಂಡಿದ್ದಾರೆಯೇ ಎಂದು ಕೇಳಬೇಕು, ಅಷ್ಟೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಮದ್ರಾಸಿನ ಮೈಲಾಪೂರಿನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನಾವಿದ್ದೆವು. ನಾನು, ನನ್ನ ಗಂಡ, ಮೂರೂವರೆ ವರ್ಷದ ಮಗಳು. ಮೆಟ್ಟಿಲಿನ ಮೂಲೆಗಳಲ್ಲೆಲ್ಲ ಎಲೆಅಡಿಕೆ ಉಗಿದ ಕೆಂಪು ಕಲೆ, ಎರಡನೆಯ ಮಹಡಿಯವರು ಬಾಗಿಲ ಹೊರಗೇ ಇಡುತ್ತಿದ್ದ ಕಸದ ಬಕೆಟ್ಟು, ಅದರ ಮೇಲೆ ಕಾಗೆ. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ತರಕಾರಿ ಚೀಲ ಹಿಡಿದು, ಮೂಗು ಮುಚ್ಚಿಕೊಳ್ಳಲು ಮೂರನೆಯ ಕೈ ಇಲ್ಲದೆ ಹತ್ತುತ್ತಿದ್ದೆ.

ನನ್ನ ಗಂಡ ಶೋಳಿಂಗನಲ್ಲೂರಿನ ಐಟಿ ಪಾರ್ಕೊಂದರಲ್ಲಿ ಜನರೇಟರು ಮತ್ತು ಎಸಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು. ಕಂಪ್ಯೂಟರ್ ಮುಂದೆ ಕೂತವರು ತಣ್ಣಗಿರಲೆಂದು ಇವರು ಡೀಸೆಲ್ ಹೊಗೆಯಲ್ಲಿ ಬೇಯುತ್ತಿದ್ದರು. ಎಷ್ಟು ಸೋಪು ಹಾಕಿದರೂ ಅವರ ಅಂಗಿಯಿಂದ ಆ ವಾಸನೆ ಹೋಗುತ್ತಿರಲಿಲ್ಲ. ನಾನು ಅಡ್ಯಾರಿನ ಇನ್ಶೂರೆನ್ಸ್ ಕಚೇರಿಯೊಂದರಲ್ಲಿ ಗುಮಾಸ್ತೆ. ಹಗಲು ಹೊತ್ತು ಮಗಳನ್ನು ಕೆಳಗಿನ ಮನೆಯ ಪಾಟಿ ನೋಡಿಕೊಳ್ಳುತ್ತಿದ್ದರು. ಪಾಟಿ ಎಂದರೆ ಅಜ್ಜಿ. ತಮಿಳಿನವರು, ಮಗಳಿಗೆ ಮೊದಲು ಬಂದ ಮಾತೆಲ್ಲ ಅವರದೇ. ಆ ವರ್ಷ ಪೊಂಗಲ್ ಮುಗಿದ ಮೇಲೆ ಪಾಟಿ ಒಂದು ದಿನ, ಬರುವ ಜೂನ್‌ನಿಂದ ತಾನು ಕೊಯಮತ್ತೂರಿಗೆ ಹೋಗಿ ಮಗನ ಮನೆಯಲ್ಲಿರುವುದಾಗಿ ಹೇಳಿಬಿಟ್ಟರು.

ನನ್ನ ಕಚೇರಿಯ ಹಿಂಗೋಡೆಗೆ ತಗುಲಿದಂತೆಯೇ ಒಂದು ಶಾಲೆಯಿತ್ತು. ಶಾಲೆ ಬಿಟ್ಟ ಮೇಲೂ ಪುಟ್ಟ ಮಕ್ಕಳನ್ನು ಸಂಜೆ ಐದೂವರೆಯವರೆಗೆ ಒಂದು ಕೋಣೆಯಲ್ಲಿ ನೋಡಿಕೊಳ್ಳುತ್ತಿದ್ದ ಶಾಲೆ ನನಗೆ ತಿಳಿದಂತೆ ಅದೊಂದೇ. ಅಲ್ಲಿ ಸೀಟು ಸಿಕ್ಕರೆ ನನ್ನ ಕೆಲಸ ಉಳಿಯುತ್ತದೆ, ಸಿಗದಿದ್ದರೆ ಹೋಗುತ್ತದೆ. ನನ್ನ ಗಂಡ ಇದನ್ನು ಬಹಳ ಹಗುರಾಗಿ ಹೇಳಿದರು. ಅನ್ನಕ್ಕೆ ಮೊಸರು ಕಲಸುತ್ತಾ, "ಸಿಗದೇ ಇದ್ರೆ ಒಂದೆರಡು ವರ್ಷ ಮನೇಲಿರು, ಏನಾಗುತ್ತೆ ಈಗ" ಅಂದರು. ನಾನು ಎದ್ದು ಪಾತ್ರೆ ತೊಳೆದೆ. ಪರೀಕ್ಷೆ ಬರೆದು ಗಿಟ್ಟಿಸಿಕೊಂಡ ಕೆಲಸ ಅದು. ಅಪ್ಪನ ಮನೆಯಲ್ಲಾಗಲಿ ಗಂಡನ ಮನೆಯಲ್ಲಾಗಲಿ ಯಾರೂ ನನಗೆ ಕೊಟ್ಟದ್ದಲ್ಲ.

ಅರ್ಜಿಗಾಗಿ ಅವರೇ ಬೆಳಗಿನ ಜಾವದಿಂದ ಸಾಲಿನಲ್ಲಿ ನಿಂತು ಬಂದರು, ಅದನ್ನು ಒಪ್ಪಿಕೊಳ್ಳಬೇಕು. ತುಂಬಿಸಲು ಕೂತೆವು. ಹೆಸರು, ಓದು, ಉದ್ಯೋಗ ಎಲ್ಲ ಸರಾಗವಾಗಿ ಬಂದು ಹವ್ಯಾಸದ ಹತ್ತಿರ ಪೆನ್ನು ನಿಂತಿತು. ಅವರು ಮಂಡ್ಯದಲ್ಲಿ ಓದುವಾಗ ಕೇರಂ ಆಡುತ್ತಿದ್ದರಂತೆ. ನನಗೆ ಕಚೇರಿಯಿಂದ ಬಂದ ಕೂಡಲೆ ನೆಲದ ಮೇಲೆ ಮೈಚಾಚಿ, ಊರಿನಿಂದ ಅಂಚೆಯಲ್ಲಿ ತಡವಾಗಿ ಬರುತ್ತಿದ್ದ ವಾರಪತ್ರಿಕೆ ಓದುತ್ತಾ ಎರಡನೆಯ ಪುಟಕ್ಕೇ ನಿದ್ದೆ ಹೋಗುವುದು ಬಿಟ್ಟರೆ ಬೇರೆ ಸುಖ ಗೊತ್ತಿರಲಿಲ್ಲ.

ಪಕ್ಕದ ಬೀದಿಯಲ್ಲಿ ನಿವೃತ್ತ ಟೀಚರಮ್ಮ ಒಬ್ಬರಿದ್ದರು. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ನೆಲೆಸಿದ ಕನ್ನಡ ಮನೆತನ. ಸೀಟು ಕೊಡುವ ಮುಂಚೆ ಶಾಲೆಯವರು ನಡೆಸುವ ಸಂದರ್ಶನಗಳಿಗೆ ಅಪ್ಪ ಅಮ್ಮಂದಿರನ್ನು ತಯಾರು ಮಾಡುವುದು ಅವರ ಕಸುಬು. ಮಕ್ಕಳನ್ನಲ್ಲ, ಅಪ್ಪ ಅಮ್ಮಂದಿರನ್ನು. ನಮ್ಮ ಅರ್ಜಿ ನೋಡಿ ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡಿದರು. ಕೇರಂ ಆಡುವವರು ಬೀಡಿ ಸೇದುವ ಜನ ಎಂದರು. ರಂಗೋಲಿ ಬರೆಯಲೇ ಎಂದೆ, ಅದು ಮನೆಗೆಲಸ ಎಂದರು. ಓದುವುದು ಎಂದು ಬರೆದರೆ?

"ಎಲ್ಲಾರೂ ರೀಡಿಂಗ್ ಅಂತಲೇ ಬರೀತಾರೆ ಅಮ್ಮಾ. ಅದು ಪೋದಾದು."

ಸಾಲದು ಎಂಬುದಕ್ಕೆ ಅವರು ತಮಿಳನ್ನೇ ಬಳಸುತ್ತಿದ್ದರು. ಕೊನೆಗೆ ಅವರೇ ತೀರ್ಮಾನಿಸಿದರು. ನನಗೆ ಗಾಜಿನ ಮೇಲೆ ಚಿತ್ರ ಬರೆಯುವುದು, ನನ್ನ ಗಂಡನಿಗೆ ಪಕ್ಷಿವೀಕ್ಷಣೆ. ಆ ಮನುಷ್ಯ ಅಲ್ಲಿಯವರೆಗೆ ಕಾಗೆ ಬಿಟ್ಟು ಬೇರೆ ಹಕ್ಕಿಯನ್ನು ತಲೆಯೆತ್ತಿ ನೋಡಿದ್ದು ನಾನು ಕಾಣೆ. ಕೋಲೆ ಬಸವನ ಹಾಗೆ ಗೋಣು ಆಡಿಸಿದರು. ನಾನೂ ಆಡಿಸಿದೆ.

ಬರೆದರಷ್ಟೇ ಸಾಲದಂತೆ, ಮುಂದಿನದು ಇನ್ನೂ ಅಸಹ್ಯದ ಮಾತು. ಸಂದರ್ಶನದಲ್ಲಿ ಶಾಲೆಯ ಹೆಡ್ ಮೇಡಮ್ ಮಗುವನ್ನೇ ಕೇಳುತ್ತಾರೆ, ಸಂಜೆ ಅಮ್ಮ ಏನು ಮಾಡುತ್ತಾಳೆ, ಅಪ್ಪ ಏನು ಮಾಡುತ್ತಾರೆ ಅಂತ. "ಮಗೂಗೆ ಹೇಳಿಕೊಡಬೇಡಿ. ಹೇಳಿಕೊಟ್ಟದ್ದು ಉಡನೆ ಗೊತ್ತಾಗಿಬಿಡುತ್ತೆ. ಮಗು ಕಣ್ಣ ಮುಂದೆ ದಿನಾ ಮಾಡಿ ತೋರ್ಸಿ, ಅದೇ ಹೇಳುತ್ತೆ."

ಹೀಗೆ ನಮ್ಮ ನಾಟಕ ಶುರುವಾಯಿತು. ನೋಡುವವಳು ಒಬ್ಬಳೇ, ಮೂರೂವರೆ ವರ್ಷದವಳು.

ಗಾಜಿನ ಬಣ್ಣದ ವಾಸನೆ ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ. ಅಡುಗೆಮನೆಯಲ್ಲಿ ಸಾರು ಕುದಿಯುತ್ತಿತ್ತು, ನಡುಮನೆಯಲ್ಲಿ ಬಣ್ಣದ ಥಿನ್ನರ್, ಬಚ್ಚಲ ಮೂಲೆಯಲ್ಲಿ ನೆನೆಹಾಕಿದ ಡೀಸೆಲ್ ಅಂಗಿ. ಮೂರೂ ಒಂದಾಗಿ ಮೂಗಿಗೆ ಅಡರುತ್ತಿದ್ದವು. ಕಪ್ಪು ಟ್ಯೂಬಿನಿಂದ ಗೆರೆ ಎಳೆದು, ಅದು ಒಣಗಿದ ಮೇಲೆ ನಡುವೆ ಬಣ್ಣ ತುಂಬಬೇಕು. ಒಣಗುವುದಕ್ಕೆ ಕಾಯುವ ತಾಳ್ಮೆ ನನಗಿಲ್ಲ, ಗೆರೆಯೆಲ್ಲ ಕದಡಿ ಹೋಗುತ್ತಿತ್ತು. ಮೊದಲು ಮಾಡಿದ ಗಿಳಿಯ ಮೂತಿ ಜೇನು ಕಚ್ಚಿದ ಹಾಗೆ ಊದಿಕೊಂಡಿತು. ಬೆರಳ ಸಂದಿನ ಹಸಿರು ಹೋಗದೆ ಅದೇ ಕೈಯಲ್ಲಿ ಅನ್ನ ಕಲಸಿ ಉಂಡದ್ದೂ ಇದೆ. ನನ್ನ ಮೈ ನೆಲ ಕಂಡರೆ ಸಾಕು ಎನ್ನುತ್ತಿತ್ತು. ನಾನು ಮಗಳಿಗೆ ಕೇಳುವ ಹಾಗೆ, ಅಬ್ಬಾ ಎಷ್ಟು ಚೆನ್ನಾಗಿದೆ ಈ ಬಣ್ಣ ಎನ್ನುತ್ತಿದ್ದೆ. ಆ ದನಿ ನೆನೆದರೆ ಈಗಲೂ ನನಗೆ ಮೈಯೆಲ್ಲ ಮುಳ್ಳಾಗುತ್ತದೆ.

ನನ್ನ ಗಂಡ ಹಳೆಯ ಪುಸ್ತಕದಂಗಡಿಯಿಂದ ಹಕ್ಕಿಗಳ ಸಚಿತ್ರ ಪುಸ್ತಕವೊಂದನ್ನು ತಂದರು. ಕಂಪನಿಯ ಕ್ಯಾಬ್‌ನಿಂದ ಇಳಿದು ಬಂದು ಕೈಕಾಲು ತೊಳೆದವರೇ ಅದನ್ನು ಬಿಚ್ಚಿ ಕೂರುತ್ತಿದ್ದರು. ಪುಟ ತಿರುಗಿಸುತ್ತಲೇ ಅವರ ತಲೆ ಜೋಲುತ್ತಿತ್ತು. ನಾನು ಕುಂಚದ ಹಿಂಬದಿಯಿಂದ ಅವರ ಮೊಣಕಾಲಿಗೆ ತಿವಿಯುತ್ತಿದ್ದೆ. ಭಾನುವಾರ ಅಡ್ಯಾರ್ ನದಿ ಸಮುದ್ರ ಸೇರುವ ಕಡೆಗೆ ಹೋಗುತ್ತಿದ್ದೆವು. ಊರಿನ ಚರಂಡಿಯೆಲ್ಲ ಬಂದು ಬೀಳುವ ನೀರು, ಕಪ್ಪಗೆ, ಮೇಲೆ ಪ್ಲಾಸ್ಟಿಕ್ಕು, ಅಲ್ಲಲ್ಲಿ ಗುಳ್ಳೆ. ಅದರ ನಡುವೆಯೇ ಬೆಳ್ಳಗೆ ನಿಂತ ಹಕ್ಕಿಗಳು. ಐಟಿ ಪಾರ್ಕಿನ ಸೆಕ್ಯುರಿಟಿ ಅಧಿಕಾರಿಯಿಂದ ಕಡ ತಂದ ಬೈನಾಕ್ಯುಲರನ್ನು ಒಂದು ಕೈಯಲ್ಲಿ, ಮೂಗಿಗೆ ಕರ್ಚೀಫನ್ನು ಇನ್ನೊಂದು ಕೈಯಲ್ಲಿ ಹಿಡಿದು ನನ್ನ ಗಂಡ ಮಗಳಿಗೆ ಬೆಳ್ಳಕ್ಕಿ ತೋರಿಸುತ್ತಿದ್ದರು. ಒಂದು ಸಲ ಓಕರಿಕೆ ತಡೆಯಲಾರದೆ ದಂಡೆಯ ಪೊದೆಯ ಹಿಂದಕ್ಕೆ ಓಡಿದರು. ನಾನು ಮಗಳಿಗೆ, ಅಪ್ಪ ಇನ್ನೊಂದು ಹಕ್ಕಿ ಹುಡುಕೋಕೆ ಹೋಗಿದ್ದಾರೆ ಅಂದೆ.

ಮಗಳು ನಂಬಿದಳು. ಅವಳ ಮೂಗಿಗೆ ವಾಸನೆಯೇ ಬಡಿಯುತ್ತಿರಲಿಲ್ಲವೇನೋ. ಅಪ್ಪನ ಹೆಗಲೇರಿ ಹಕ್ಕಿಗಳನ್ನು ಒಂದರಿಂದ ಹನ್ನೊಂದರವರೆಗೆ ತಮಿಳಿನಲ್ಲಿ ಎಣಿಸಿ, ಮುಂದೆ ಬರದೆ ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಸಂಜೆ ನಾನು ಚಪ್ಪಲಿ ಬಿಡುವಷ್ಟರಲ್ಲಿ ಹಳೆಯ ಪೇಪರನ್ನು ನೆಲಕ್ಕೆ ಹಾಸಿ, ಬಣ್ಣದ ಪುಟ್ಟ ಬಾಟಲಿಗಳನ್ನು ಸಾಲಾಗಿ ಇಡುವಳು. ಮುಚ್ಚಳ ಹಿಡಿದುಕೊಳ್ಳುವುದು ಅವಳ ಕೆಲಸ. ಅಪ್ಪ ಒಂದು ಪಕ್ಕ, ಅಮ್ಮ ಒಂದು ಪಕ್ಕ, ನಡುವೆ ತಾನು. ಇಬ್ಬರ ಮೈಗೂ ತನ್ನ ಮೈ ತಾಗುವಂತೆ ಸರಿಯಾಗಿ ಅಳೆದು ಕೂರುತ್ತಿದ್ದಳು. ನಾನು ಅದನ್ನು ಕಂಡೆ. ಕಂಡು, ಸದ್ಯ, ಮಗು ಒಳ್ಳೆಯ ಸಾಕ್ಷಿ ಹೇಳುತ್ತದೆ ಎಂದುಕೊಂಡೆ. ಅದಕ್ಕಿಂತ ಹೆಚ್ಚಿನದೇನೂ ನನಗೆ ಹೊಳೆಯಲಿಲ್ಲ.

ಸಂದರ್ಶನದ ದಿನ ಶಾಲೆಯ ಹಜಾರದಲ್ಲಿ ಗಂಜಿ ಹಾಕಿದ ಹತ್ತಿ ಸೀರೆಗಳ ದೊಡ್ಡ ಸಂತೆಯೇ ನೆರೆದಿತ್ತು. ಪಕ್ಕದಲ್ಲಿ ಕೂತವಳು ಸನ್ನೆ ಮಾಡಿ ನನ್ನದೇನೆಂದು ಕೇಳಿದಳು. ಗಾಜಿನ ಚಿತ್ರ ಎಂದೆ. ತನ್ನದು ತಂಜಾವೂರು ಚಿತ್ರಕಲೆ ಎಂದಳು. ಅವಳ ಆಚೆಯವಳದೂ ತಂಜಾವೂರು, ಎದುರು ಬೆಂಚಿನ ಇಬ್ಬರದೂ ತಂಜಾವೂರು. ಯಾರ ಉಗುರಿನಲ್ಲೂ ಬಣ್ಣದ ಸುಳಿವಿರಲಿಲ್ಲ. ಗಂಡಸರು ಟೈ ಸಡಿಲಿಸುತ್ತಾ ಬಿಗಿಯುತ್ತಾ ಬಾಯಲ್ಲೇ ಏನನ್ನೋ ಉರು ಹೊಡೆಯುತ್ತಿದ್ದರು. ಮಕ್ಕಳು ಮಾತ್ರ ನೆಲದ ಮೇಲೆ ಜಾರಿ ಆಡುತ್ತಿದ್ದವು. ಅವನ್ನು ಎಳೆದೆಳೆದು ತಂದು ಮುಖ ಒರೆಸಿ ಕೂರಿಸುತ್ತಿದ್ದೆವು. ಆ ಹಜಾರದಲ್ಲಿ ಒಬ್ಬರಾದರೂ ಎದ್ದು, ಇದೇನು ಹೇಸಿಗೆ, ನಾವು ದುಡಿಯುವ ಜನ, ನಮಗೆ ಹವ್ಯಾಸವಿಲ್ಲ ಎನ್ನಬೇಕಿತ್ತು. ನಾನೂ ಎನ್ನಲಿಲ್ಲ.

ಒಳಗೆ ಎಸಿ ಗುಂಯ್‌ಗುಟ್ಟುತ್ತಿತ್ತು. ನನ್ನ ಗಂಡ ಅಭ್ಯಾಸಬಲದಿಂದ ಅದರ ಕಡೆಗೇ ಕಿವಿಗೊಟ್ಟಿದ್ದರು. ಮೇಡಮ್ ನಮ್ಮಿಬ್ಬರನ್ನು ಎರಡೆರಡು ಮಾತು ಕೇಳಿ ಮಗಳ ಕಡೆ ಬಾಗಿದರು. ಕೇಳಿದ್ದು ಟೀಚರಮ್ಮ ಹೇಳಿದ್ದ ಪ್ರಶ್ನೆಯನ್ನೇ. ಮಗಳು ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ, ಅಮ್ಮ ಗಾಜಿಗೆ ಬಣ್ಣ ಹಾಕುತ್ತಾಳೆ, ಅಪ್ಪ ಹಕ್ಕಿ ತೋರಿಸುತ್ತಾರೆ, ನಾನು ನಡುವೆ ಕೂರುತ್ತೇನೆ ಎಂದಳು. ದಿನಾಲೂನಾ ಎಂದರು ಮೇಡಮ್. ದಿನಾಲೂ, ಎಂದು ಎರಡೂ ಕೈ ಅಗಲಿಸಿ ತೋರಿಸಿದಳು. ಮೇಡಮ್ ನಗುತ್ತಾ ಏನೋ ಬರೆದುಕೊಂಡರು. ನನಗೆ ಆ ಗಳಿಗೆಯಲ್ಲಿ ಎಳ್ಳಷ್ಟೂ ನಾಚಿಕೆಯಾಗಲಿಲ್ಲ. ಗೆದ್ದೆ ಅನ್ನಿಸಿತು.

ಸೀಟು ಸಿಕ್ಕವರ ಪಟ್ಟಿಯಲ್ಲಿ ಮಗಳ ಹೆಸರು ಕಂಡ ಸಂಜೆ ಇಬ್ಬರೂ ಮನೆಗೆ ಬಂದು, ಪೀಡೆ ತೊಲಗಿತು ಎಂದು ಅಂಗಾತ ಬಿದ್ದುಕೊಂಡೆವು. ಬಣ್ಣದ ಬಾಟಲಿಗಳನ್ನು ಕವರಿಗೆ ಸುರಿದು ನಾನೇ ಕಸಕ್ಕೆ ಹಾಕಿ ಬಂದಿದ್ದೆ. ಮಗಳು ಪೇಪರು ಹಾಸಿಕೊಂಡು ನಡುವೆ ಕೂತು ಕಾದಳು. ಎಬ್ಬಿಸಿದಳು, ತೋಳು ಎಳೆದಳು. ನನಗೆ ರೇಗಿತು. ಅದೆಲ್ಲ ಮಿಸ್ಸಿಗೋಸ್ಕರ ಪುಟ್ಟಾ, ಅವರು ಕೇಳಿದರು, ನೀನು ಸರಿಯಾಗಿ ಹೇಳಿದೆ, ಮುಗಿಯಿತು ಎಂದು ಬಿಡಿಸಿ ಹೇಳಿದೆ. ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಪೇಪರಿನ ಮೇಲೇ ಕೂತಿದ್ದು ಆಮೇಲೆ ಪಾಟಿಯ ಮನೆಗೆ ಹೋಗುತ್ತೇನೆ ಎಂದಳು. ಹೋಗಿ ಬಾ ಎಂದೆ. ನನಗೂ ನಿದ್ದೆ ಬೇಕಿತ್ತು.

ಜೂನ್ ಬಂತು, ಪಾಟಿ ಊರಿಗೆ ಹೋದರು, ಶಾಲೆ ಶುರುವಾಯಿತು. ಎಣಿಸಿದ ಹಾಗೆಯೇ ಎಲ್ಲ ನಡೆಯಿತು. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡುವುದು, ಆಚೆ ಬದಿಗೆ ಸುತ್ತಿ ಕಚೇರಿಗೆ ಹೋಗುವುದು, ಐದೂವರೆಗೆ ಕರೆದುಕೊಂಡು ಬಸ್ಸು ಹತ್ತುವುದು. ಮನೆಗೆ ಬಂದರೆ ಅಡುಗೆ, ಊಟ, ನಿದ್ದೆ. ನನ್ನ ಗಂಡನಿಗೆ ಆ ತಿಂಗಳು ಪಾಳಿ ಬದಲಾಗಿ ಮಗಳು ಅವರ ಮುಖ ನೋಡುತ್ತಿದ್ದುದು ಭಾನುವಾರ ಮಾತ್ರ.

ಮೂರನೆಯ ವಾರವಿರಬೇಕು. ಗೇಟಿನ ಬಳಿ ಬಗ್ಗಿ ಅವಳ ಷೂ ಲೇಸು ಕಟ್ಟುತ್ತಿದ್ದೆ. ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು, ಗುಟ್ಟು ಹೇಳುವಂತೆ ಕನ್ನಡದಲ್ಲಿ ಕೇಳಿದಳು. ಅವಳು ಕನ್ನಡದಲ್ಲಿ ಮಾತಾಡುತ್ತಿದ್ದುದೇ ಕಡಿಮೆ, ನನ್ನನ್ನು ಓಲೈಸಬೇಕಾದಾಗ ಮಾತ್ರ.

"ಅಮ್ಮಾ, ನಾನು ಮಿಸ್ ಹತ್ರ ಹೋಗಿ ತಪ್ಪು ಹೇಳ್ಲಾ? ಆಗ ಮತ್ತೆ ದಿನಾ ಕೂತ್ಕೋತೀರಾ?"

ಬೇರೆ ತಾಯಿಯಾಗಿದ್ದರೆ ಎತ್ತಿ ಅಪ್ಪಿಕೊಳ್ಳುತ್ತಿದ್ದಳೇನೋ. ನನಗೆ ಮೊದಲು ಬಂದದ್ದು ಭಯ. ಇವಳು ನಿಜವಾಗಿಯೂ ಹೋಗಿ ಹೇಳಿಬಿಟ್ಟರೆ? ಗೇಟಿನ ಒಳಗೆ ಮೇಡಮ್ ನಿಂತಿದ್ದರು. ನಾನು ಅವಳ ಎರಡೂ ತೋಳನ್ನು ಗಟ್ಟಿಯಾಗಿ ಹಿಡಿದೆ.

"ಮಿಸ್ ಹತ್ರ ಏನೂ ಹೇಳಬಾರದು. ಕೇಳಿದ್ರೆ, ಈಗಲೂ ದಿನಾ ಕೂತ್ಕೋತೀವಿ ಅನ್ನು. ಗೊತ್ತಾಯ್ತಾ?"

ಗೊತ್ತಾಯಿತು ಎಂದು ತಲೆಯಾಡಿಸಿದಳು. ನನ್ನ ಕೈ ಬಿಡಿಸಿಕೊಂಡು ಒಳಗೆ ಹೋಗಿ, ಮೇಡಮ್‌ಗೆ ಗುಡ್ ಮಾರ್ನಿಂಗ್ ಹೇಳಿ ಸಾಲಿನಲ್ಲಿ ನಿಂತಳು. ನಾನು ಆ ದಿನ ಐದು ನಿಮಿಷ ಮುಂಚೆಯೇ ಕಚೇರಿ ತಲುಪಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದೆ.